ಎದುರಾಳಿ ಮುಟ್ಟಿಕೊಟ್ಟ ಮಗು

ಪಿರೋತ್, ಸೋಮವಾರ

ಅಕ್ಕ,

ನೀನು ಹೆದರಿದ ಹಾಗೆ ಮಗುವನ್ನು ಬೀಳಿಸಲಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದೇನೆ.

ನಿನ್ನೆ ನಮ್ಮ ತಂಡದ ವೆಲಿಬೋರನ ಮಗಳ ದೀಕ್ಷಾಸ್ನಾನ. ಧರ್ಮಪಿತನಾದ ನಾನೇ ಮಗುವನ್ನು ಎತ್ತಿಕೊಂಡು ನಿಲ್ಲಬೇಕಿತ್ತು. ಇಷ್ಟು ವರ್ಷ ಫುಟ್ಸಾಲ್ ಗೋಲ್‌ಕೀಪರ್ ಆಗಿದ್ದವನ ಕೈ ನಿನಗೆ ಗೊತ್ತಲ್ಲ, ಆಟದ ನಿಯಮದಂತೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಏನನ್ನೂ ಹಿಡಿಯುವುದಿಲ್ಲ. ಹಿಂದೆ ನಿಂತಿದ್ದ ನಮ್ಮ ಹಳೇ ತಂಡದವರು ಬೇಕೆಂದೇ ಮೆಲ್ಲಗೆ ಎಣಿಸಿದರು. ನಾಲ್ಕು ಅನ್ನುವಷ್ಟರಲ್ಲಿ ಮಗು ವೆಲಿಬೋರನ ಕೈಯಲ್ಲಿತ್ತು. ಅವನು ವಾಪಸ್ ಕೊಡಲು ಬಂದ. ನನ್ನ ಕೈ ಮೇಲೇಳಲಿಲ್ಲ.

“ತಗೊಳ್ಳಪ್ಪ, ಏನಾಯ್ತು?” ಎಂದರು ಪಾದ್ರಿ.

ವೆಲಿಬೋರ್ ಅವರ ಕಿವಿಯಲ್ಲಿ ಹೇಳಿದ: “ನಮ್ಮವರೇ ವಾಪಸ್ ಕೊಟ್ರೆ ಗೋಲಿ ಮುಟ್ಟಂಗಿಲ್ಲ ಫಾದರ್, ಆಟದ ನಿಯಮ. ಮಧ್ಯೆ ಎದುರಾಳಿ ಮುಟ್ಟಬೇಕು.”

ಸುತ್ತ ಒಮ್ಮೆ ನೋಡಿ, ಮಗುವನ್ನು ಸೀದಾ ತನ್ನ ಅತ್ತೆಯ ಕೈಗಿಟ್ಟ. ಅವರು ಮುದ್ದಿಸಿ ನನಗೆ ಕೊಟ್ಟರು. ಆಮೇಲೆ ಎಲ್ಲ ಸುಸೂತ್ರ, ಮಗು ನನ್ನ ತೋಳಲ್ಲೇ ನಿದ್ದೆ ಹೋಯಿತು.

ಊಟದ ಮೇಜಿನಲ್ಲಿ ಆ ಅತ್ತೆ ಹಿಗ್ಗಿನಿಂದ ಕೇಳಿದರು: “ಅಷ್ಟು ಜನ ಇದ್ರೂ ನನ್ ಕೈಗೇ ಕೊಟ್ರಲ್ಲ ಅಳಿಯಂದ್ರೇ, ಯಾಕೆ?”

ವೆಲಿಬೋರ್ ಬಾಯಿತುಂಬ ಕುರಿಮಾಂಸ ತುಂಬಿಕೊಂಡ. ಪಾಪ, ನಿಯಮ ಮರೆತನೇನೋ ಎಂದು ನಾನೇ ಬಿಡಿಸಿ ಹೇಳಿದೆ.

ಸದ್ಯ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿದ್ದೇನೆ. ಮೊಣಕಾಲು ಊದಿದೆ, ಮುಲಾಮು ತರಿಸಿಡು. ಶನಿವಾರ ಹೊರಡುತ್ತೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಪಕ್ಕದ ಮಂಚದಲ್ಲಿ ವೆಲಿಬೋರ್ ಮಲಗಿದ್ದಾನೆ, ಅವನಿಗೂ ಒಂದು ಹಾಸಿಗೆ ಹಾಸಿಡು.

ನಿನ್ನ ಗವ್ರಿಲೋ