ಗಟ್ಟಿಯಾಗಿ ಓದದ ಚೀಟಿ

ಡಾಕ್ಟರ್ ಕಾಕಾ ಅವರಿಗೆ,

ಸಲಾಂ. ಇವತ್ತು ನಿಮ್ಮ ಮೇಲೆ ಅನುಮಾನ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ತೀರಿಹೋದವರ ಮೇಲೆ ಸಂಶಯಪಡಬಾರದು ಎನ್ನುತ್ತಾರೆ. ಇದ್ದವರ ಮೇಲೆಲ್ಲ ಎರಡು ವರ್ಷ ಸಂಶಯಪಟ್ಟು ಮುಗಿಸಿದ್ದೇನೆ, ಉಳಿದವರು ನೀವೊಬ್ಬರೇ.

ನಾನು ರೋಣ, ನರಗುಂದ, ಗಜೇಂದ್ರಗಡದ ವೈದ್ಯರ ಸಂಘದ ಅಧ್ಯಕ್ಷೆಯಾದ ದಿನ ನೆನಪಿದೆಯೇ? ನೀವೇ ಹಾಕಿಕೊಟ್ಟ ಪದ್ಧತಿ: ಹೊಸ ಅಧ್ಯಕ್ಷರಿಗೆ ಪ್ರತಿಯೊಬ್ಬ ಡಾಕ್ಟರೂ ಹೆಸರಿಲ್ಲದ ಒಂದು ಚೀಟಿ ಬರೆಯಬೇಕು, ಸಿರಿಂಜು ಕುದಿಸುವ ಹಳೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಬೇಕು, ಅಧ್ಯಕ್ಷರು ಚಹಾಕ್ಕೆ ಮುಂಚೆ ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಬೇಡದ ಇಂಜೆಕ್ಷನ್ ನಿಲ್ಲಿಸೋಣ ಎಂದು ನಾನು ಆಗಷ್ಟೇ ಭಾಷಣ ಬಿಗಿದು ಬೀಗುತ್ತಿದ್ದೆ. ಚೀಟಿಗಳಲ್ಲಿ ಬರೀ ಶುಭಾಶಯ. ಒಂದನ್ನು ಬಿಚ್ಚಿದೆ: "ಅಧ್ಯಕ್ಷರು ಮೊದಲು ತಮ್ಮ ದವಾಖಾನೆಯ ಸೂಜಿ ಎಣಿಸಲಿ." ದುಂಡನೆಯ ಅಕ್ಷರ, 'ಸ' ಅಕ್ಷರಕ್ಕೆ ಕೊಂಡಿಯಂಥ ಬಾಲ. ಇದೂ ಶುಭಾಶಯವೇ ಎಂದು ಸಭೆಗೆ ಹೇಳಿ ನಕ್ಕು ಪರ್ಸಿನೊಳಗೆ ಹಾಕಿಕೊಂಡೆ. ಮುಂದಿನ ಸಾಲಿನಲ್ಲಿದ್ದ ನೀವು ಕೇಳಿದಿರಿ, "ಎಲ್ಲಾ ಓದಿದೇನ, ನೂರಿ?" ಹೌದು ಕಾಕಾ ಎಂದೆ. ಆ ಪ್ರಶ್ನೆ ಯಾಕೆ ಬಂತೆಂದು ಆಗ ಹೊಳೆಯಲಿಲ್ಲ.

ಮರುದಿನವೇ ನನ್ನ ಪತ್ತೇದಾರಿಕೆ ಶುರುವಾಯಿತು. ಡಾಕ್ಟರರ ಅಕ್ಷರ ಎಲ್ಲಿ ಸಿಗುತ್ತದೆ? ಔಷಧದಂಗಡಿಯಲ್ಲಿ. ಬಸ್ ಸ್ಟ್ಯಾಂಡಿನೆದುರಿನ ಅಂಗಡಿಗೆ ಯಾವುದಾದರೂ ನೆವದಿಂದ ಹೋಗಿ ಬೇರೆ ಡಾಕ್ಟರರು ಬರೆದ ಚೀಟಿಗಳನ್ನು ತಿರುವಿಹಾಕುತ್ತಿದ್ದೆ. ಎಲ್ಲವೂ ಇರುವೆ ಮಸಿಯಲ್ಲಿ ಬಿದ್ದು ಓಡಿದಂತಿದ್ದವು. ನರಗುಂದದ ವಿರೂಪಾಕ್ಷ ಡಾಕ್ಟರ ಅಕ್ಷರ ಮಾತ್ರ ಸ್ವಲ್ಪ ದುಂಡಗಿತ್ತು. ಅಷ್ಟೇ ಸಾಕಾಯಿತು. ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟದವರೂ ಅವರೊಬ್ಬರೇ. ಹೆಂಗಸು ಅಧ್ಯಕ್ಷೆಯಾದದ್ದು ಸಹಿಸಲಿಲ್ಲವೇ? ಅಥವಾ ಗಜೇಂದ್ರಗಡದ ಸಾಬರ ಮಗಳು ಎಂದೋ... ಏನೇನೆಲ್ಲ ಪೋಣಿಸಿದೆ, ಈಗ ಹೇಳಲಿಕ್ಕೂ ನಾಚಿಕೆ.

ಭಾನುವಾರದ ಚಹಾ ನೆನಪಾಗುತ್ತದೆ. ನೀವು ನಮ್ಮ ಮನೆಗೆ ಬಂದು ಅಬ್ಬಾನ ಹಳೇ ಕುರ್ಚಿಯಲ್ಲೇ ಕೂರುತ್ತಿದ್ದಿರಿ. ಗೆಳೆಯನ ಮಗಳೆಂದು ಎರಡು ವರ್ಷ ನನ್ನನ್ನು ನಿಮ್ಮ ದವಾಖಾನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೈಹಿಡಿದು ಕಲಿಸಿದವರು ನೀವು. ನಿಮ್ಮಲ್ಲಲ್ಲದೆ ಇನ್ನಾರಲ್ಲಿ ಹೇಳಲಿ? ಚೀಟಿ ತೋರಿಸಿ, ಇದು ವಿರೂಪಾಕ್ಷರದೇ ಕೆಲಸ ಎಂದೆ. ನೀವು ಚೀಟಿಯನ್ನು ನೋಡಿದಿರಿ, ಬಟ್ಟಲಿಗೆ ಚಹಾ ಬಗ್ಗಿಸಿಕೊಂಡಿರಿ, "ಇರಬಹುದು" ಎಂದಿರಿ. ಮುಂದಿನ ಭಾನುವಾರವೂ ಅದೇ "ಇರಬಹುದು." ಆ ಒಂದು ಮಾತಿನ ಮೇಲೆ ನಾನು ಎಷ್ಟು ದೊಡ್ಡ ಗೋಡೆ ಕಟ್ಟಿದೆ ಕಾಕಾ!

ಅಧ್ಯಕ್ಷರ ಕುರ್ಚಿ ಮೂರೂ ಊರಿಗೆ ಸರದಿಯ ಮೇಲೆ ಹೋಗುವಂಥದ್ದು; ನನ್ನ ಅವಧಿ ಮುಗಿಯುವ ಹೊತ್ತಿಗೆ ಸರದಿ ನರಗುಂದದ್ದು, ಎಂದರೆ ವಿರೂಪಾಕ್ಷರದು. ನಾನು ಫೋನ್ ಮೇಲೆ ಫೋನ್ ಮಾಡಿ, ಅವರಿಗೆ ಒಗ್ಗಟ್ಟು ಬೇಕಿಲ್ಲ ಎಂದು ಒಬ್ಬೊಬ್ಬರ ಕಿವಿ ಊದಿ, ಕುರ್ಚಿಯನ್ನು ರೋಣಕ್ಕೆ ದಾಟಿಸಿದೆ. ಅವರು ಸಭೆಗೆ ಬರುವುದನ್ನೇ ಬಿಟ್ಟರು. ನಿಮ್ಮ ಮಣ್ಣಿಗೆ ಬಂದಾಗ ದೂರದಲ್ಲಿ ನಿಂತು ಅಳುತ್ತಿದ್ದರು. ಅದನ್ನೂ ನಾನು ನಾಟಕ ಎಂದುಕೊಂಡೆ.

ಹೋದ ವಾರ ಲಕ್ಕಲಕಟ್ಟಿಯ ಮುದುಕಿಯೊಬ್ಬಳು ಸೆರಗಿನಿಂದ ಔಷಧದ ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ದೊಡ್ಡ ಡಾಕ್ಟರ್ ಸಾಹೇಬ್ರು ಕೊಟ್ಟಿದ್ರಿ ಇದನ್ನ. ಇದ ಔಷಧ ಕೊಡ್ರಿ ಡಾಕ್ಟರ್ ಬಾಯಾರ, ಒಂದ್ ಸೂಜಿನೂ ಮಾಡ್ರಿ." ಬಾಟಲಿಗೆ ಅಂಟಿಸಿದ ಕಾಗದದಲ್ಲಿ 'ದಿನಕ್ಕೆ ಮೂರು ಸಲ' ಎಂದಿತ್ತು. ದುಂಡನೆಯ ಅಕ್ಷರ. 'ಸ' ಅಕ್ಷರಕ್ಕೆ ಕೊಂಡಿಯಂಥ ಬಾಲ. ಪರ್ಸಿನಿಂದ ಚೀಟಿ ತೆಗೆದು ಬಾಟಲಿಯ ಪಕ್ಕಕ್ಕಿಟ್ಟೆ. ಡಾಕ್ಟರರ ಕೈಬರಹವನ್ನೆಲ್ಲ ಜಾಲಾಡಿದ ನಾನು ಔಷಧ ಬೆರೆಸಿ ಬಾಟಲಿಗೆ ಚೀಟಿ ಅಂಟಿಸುವ ಕಂಪೌಂಡರನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಾಟಲಿ ಮೇಲಿನ ಬರಹ ಓದುವವರು ರೋಗಿಗಳು, ನಾವಲ್ಲವಲ್ಲ.

ನಿಮ್ಮ ಕಂಪೌಂಡರ್ ಹನಮಂತಪ್ಪನ ಮನೆಗೆ ಹೋದೆ. ಚೀಟಿ ಕಂಡೊಡನೆ ತಲೆ ತಗ್ಗಿಸಿದ. "ಹೌದ್ರಿ ಬಾಯಾರ, ನಾನ ಬರದೇನಿ. ಸಾಹೇಬ್ರು ಹೇಳಿ ಬರಿಸಿದ್ರು. 'ನನ್ನ ಅಕ್ಷರ ಆಕಿಗೆ ಗೊತ್ತಾಗ್ತದ, ನೀನ ಬರಿ' ಅಂದ್ರು."

ಬರೆಸಿದ್ದಕ್ಕೆ ಸಿಟ್ಟಿಲ್ಲ ಕಾಕಾ, ಅದು ಖರೇ ಮಾತು. ನನಗೆ ಕೇಳಬೇಕಾದದ್ದು ಬೇರೆ. "ಸೂಜಿ ಮಾಡಲಿಲ್ಲಂದ್ರ ರಾಜೂರಿನಂಥ ಹಳ್ಳಿಯವರು ನಿನ್ನ ಬಾಗಿಲಿಗೆ ಬರೂದಿಲ್ಲ" ಎಂದು ನನಗೆ ಕಲಿಸಿದವರೇ ನೀವು. ಕಲಿಸಿದ ಬಾಯಿಂದ ಬೇಡ ಎನ್ನಲು ನಾಚಿಕೆಯಾಯಿತೇ? ಆಗಲಿ. ಆದರೆ ಆ "ಇರಬಹುದು"? ನಿಮ್ಮ ಕಣ್ಣೆದುರೇ ಒಬ್ಬ ನಿರಪರಾಧಿಯನ್ನು ನಾನು ಹುರಿದು ಮುಕ್ಕುತ್ತಿದ್ದಾಗ, ನನ್ನದೇ ಚೀಟಿ ನೂರಿ ಎನ್ನಲು ಏನು ಅಡ್ಡ ಬಂತು? ಭಾನುವಾರದ ಚಹಾ ತಪ್ಪೀತೆಂದೇ? ಅಥವಾ ನಾನೇ ತಿಳಿದುಕೊಳ್ಳಲಿ ಎಂದು... ಇಲ್ಲ, ನಿಮಗೆ ದೊಡ್ಡತನ ಹಚ್ಚಿ ಬಿಡುಗಡೆ ಕೊಡುವುದಿಲ್ಲ. ನೀವು ಹೆದರಿದಿರಿ. ಅಷ್ಟೇ ಇರಬೇಕು. ನಾನೂ ಹೆದರಿಯೇ ಆ ಚೀಟಿ ಗಟ್ಟಿಯಾಗಿ ಓದಲಿಲ್ಲ.

ನಿನ್ನೆ ನರಗುಂದಕ್ಕೆ ಹೋಗಿ ವಿರೂಪಾಕ್ಷರೆದುರು ಚೀಟಿ ಇಟ್ಟು ಎಲ್ಲ ಹೇಳಿದೆ, ತಪ್ಪಾಯಿತು ಎಂದೆ. ಅವರು ಅದನ್ನು ಓದಿ, ಮಡಚಿ ನನ್ನ ಕಡೆ ಸರಿಸಿದರು. ಆಮೇಲೆ, "ಇದನ್ನ ನಾನ ಬರೀಬೇಕಂದಿದ್ದೆ ಮೇಡಮ್, ಧೈರ್ಯ ಆಗಲಿಲ್ಲ. ಶುಭಾಶಯ ಅಂತ ಬರದು ಹಾಕಿದೆ" ಎಂದರು. ನೋಡಿ, ನಮ್ಮ ಸಂಘದಲ್ಲಿ ಒಂದು ಮಾತಿಗೆ ಮೂವರು ಹೆದರಿದವರು.

ಬರುವ ಶನಿವಾರ ಸಭೆಯಿದೆ, ವಿರೂಪಾಕ್ಷರೂ ಬರುತ್ತಾರೆ. ಬಾಕಿ ಉಳಿದ ಆ ಚೀಟಿಯನ್ನು ಅಲ್ಲಿ ಗಟ್ಟಿಯಾಗಿ ಓದುತ್ತೇನೆ. ಬರೆಸಿದವರು ಯಾರು, ಸುಮ್ಮನಿದ್ದವರು ಯಾರು, ಎರಡನ್ನೂ ಹೇಳುತ್ತೇನೆ. ನನ್ನ ದವಾಖಾನೆಯ ಸೂಜಿಗಳನ್ನೂ ಎಣಿಸಿದ್ದೇನೆ, ಆ ಲೆಕ್ಕವೂ ಕೈಯಲ್ಲಿದೆ. ಲಕ್ಕಲಕಟ್ಟಿಯ ಆ ಮುದುಕಿಗೆ ಔಷಧ ಕೊಟ್ಟೆ, ಸೂಜಿ ಮಾಡಲಿಲ್ಲ. ದೊಡ್ಡ ಸಾಹೇಬರಾಗಿದ್ದರೆ ಮಾಡುತ್ತಿದ್ದರು ಎಂದು ಬೈಯುತ್ತ ಎದ್ದುಹೋದಳು.

ಇರಬಹುದು ಎಂದೆ.

ನಿಮ್ಮ ನೂರಿ