ಲಿಬೊರಿಯೊ ಕೇಳಿದ ಒಂದು ವೋಟು

ಸವೇರಿಯೊ ಅಣ್ಣಾ,

ನೀನು ಮಣ್ಣು ಸೇರಿ ಆರು ವರ್ಷವಾಯಿತು. ಈ ಕಾಗದವನ್ನು ಯಾವ ಅಂಚೆಯವನೂ ಒಯ್ಯಲಾರ. ಆದರೂ ಹೇಳದೆ ಇರಲಾರೆ.

ಇವತ್ತು ಚುನಾವಣೆ. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದ ಲಿಬೊರಿಯೊ, ಮೂರು ಸಲ ಪ್ರಧಾನಿಯಾದವನು, ರೋಮಿನಿಂದ ಬಂದು ನಮ್ಮ ಹಳೆಯ ಶಾಲೆಯಲ್ಲಿ ನನ್ನ ಹಿಂದೆ ಸಾಲಿನಲ್ಲಿ ನಿಂತ. ಜನ ದಾರಿ ಬಿಟ್ಟರೂ ಮುಂದೆ ಹೋಗಲಿಲ್ಲ. ಕೊನೆಗೆ ವೋಟು ಹಾಕಿ, ಚೀಟಿಗೆ ಗುರುತು ಹಾಕಲು ಕೊಟ್ಟಿದ್ದ ಮತಗಟ್ಟೆಯ ಪೆನ್ಸಿಲನ್ನು ಜೇಬಿಗಿಟ್ಟುಕೊಂಡು ಹೊರಟ.

"ತಾತಾ, ಪೆನ್ಸಿಲ್ ವಾಪಸ್ ಕೊಡಿ!" ಎಂದು ಅಲ್ಲಿನ ಹುಡುಗಿ ಕೂಗಿದಳು.

"ಮೂರು ಸಲ ಕುರ್ಚಿ ವಾಪಸ್ ಕೊಟ್ಟೋನಿಗೆ ಒಂದು ಪೆನ್ಸಿಲ್ ಕೊಡಕ್ಕಾಗಲ್ವಾ?" ಎಂದೆ ನಾನು.

ನಗುತ್ತಾ ಕೊಟ್ಟ. ಹೊರಗೆ ಬಂದು ಟೋಪಿ ತೆಗೆದ. "ನುನ್ಸಿಯಾ, ಸವೇರಿಯೊ ಒಂದ್ಸಲನಾದ್ರೂ ನನಗೆ ವೋಟು ಹಾಕಿದ್ನಾ?"

ಕೆಂಪು ಬಾವುಟದವನು ನೀನು, ಅವನನ್ನು ಕಂಡರೆ ಬೀದಿ ದಾಟುತ್ತಿದ್ದೆ. ಆದರೆ ನಿನ್ನ ಕೊನೆಯ ಚುನಾವಣೆಯಲ್ಲಿ ನೀನು ಚೀಟಿಯ ಮೇಲೆ ಅವನ ಹೆಸರನ್ನೇ ಬರೆದು ಬಂದೆ; ಯಾರಿಗೂ ಹೇಳಬೇಡವೆಂದು ನನ್ನಿಂದ ಆಣೆ ಮಾಡಿಸಿದೆ.

"ಅದು ಗುಟ್ಟಿನ ವೋಟು ಕಣಯ್ಯಾ" ಎಂದೆ.

ದೊಡ್ಡ ದೊಡ್ಡ ದೇಶದವರು ಅವನ ಮಾತಿಗೆ ಕಾದದ್ದನ್ನು ಟೀವಿಯಲ್ಲಿ ನೋಡಿದ್ದೇನೆ. ಅಂಥವನು ನಿನ್ನ ಒಂದು ವೋಟಿಗಾಗಿ, ಬರಿತಲೆಯಲ್ಲಿ, ನನ್ನ ಮುಖವನ್ನೇ ನೋಡುತ್ತಾ ಇನ್ನಷ್ಟು ಹೊತ್ತು ನಿಂತಿದ್ದ.

ನನ್ನ ಬಾಯಿಗೆ ಬೀಗವೇ ಇಲ್ಲ ಎಂದು ಬೈಯುತ್ತಿದ್ದೆಯಲ್ಲ ಅಣ್ಣಾ. ಇವತ್ತು ಇತ್ತು.