ಕಲ್ಯಾಣಮ್ಮನವರದಲ್ಲದ ಒಂಬತ್ತು ಹಾಡು

ಹದಿನೈದನೇ ಕ್ರಾಸ್, ಮಲ್ಲೇಶ್ವರ
18-1-2010

ಪ್ರೀತಿಯ ಶೈಲಜಕ್ಕನಿಗೆ ಚೂಡಾಮಣಿಯ ನಮಸ್ಕಾರಗಳು.

ಮೈಸೂರಿನಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹೋದ ವಾರ ನೀವು ಮೂರು ಸಲ ಫೋನ್ ಮಾಡಿದಿರಿ. ಮೂರು ಸಲವೂ ನಾನು ಮನೆಯಲ್ಲೇ ಇದ್ದೆ. ಫೋನಿನ ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ಎತ್ತಲಿಲ್ಲ. ಈಮೇಲ್ ಕಳಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕಂಪ್ಯೂಟರ್ ಮುಂದೆ ಕೂತರೆ ಬರೆದದ್ದನ್ನು ಅಳಿಸುವುದು ತೀರ ಸುಲಭ, ನಾಲ್ಕು ದಿನದಿಂದ ಅದನ್ನೇ ಮಾಡಿದ್ದೇನೆ. ಅದಕ್ಕೇ ಈ ಕಾಗದ.

ನಿಮ್ಮ ಅಮ್ಮ, ನಾನೂ ಅಮ್ಮ ಎಂದೇ ಕರೆಯುತ್ತಿದ್ದ ಕಲ್ಯಾಣಮ್ಮನವರ ವರ್ಷಾಬ್ದಿಕದ ದಿನ ಅವರ ಹಾಡುಗಳನ್ನು ಪುಸ್ತಕ ಮಾಡಿ ಹಂಚಬೇಕೆಂದು ಹೊರಟಿದ್ದೀರಿ. ವೆಬ್‌ಸೈಟಿನಲ್ಲಿರುವ ನಲವತ್ತಾರು ಹಾಡುಗಳನ್ನೂ ಚಾಮರಾಜಪೇಟೆಯ ಪ್ರೆಸ್ಸಿಗೆ ತಲುಪಿಸಿಬಿಡು ಎಂದು ನನಗೆ ಬರೆದಿದ್ದೀರಿ. ಜೊತೆಗೆ ಮುನ್ನುಡಿಯನ್ನೂ ಕಳಿಸಿದ್ದೀರಿ, ಅದರಲ್ಲಿ ನನಗೆ ಕೃತಜ್ಞತೆ ಹೇಳಿದ್ದೀರಿ. ನಾನು ಪ್ರೆಸ್ಸಿಗೆ ಏನನ್ನೂ ಕೊಟ್ಟಿಲ್ಲ ಶೈಲಜಕ್ಕ. ಆ ನಲವತ್ತಾರರಲ್ಲಿ ಒಂಬತ್ತು ಹಾಡು ಅಮ್ಮನವಲ್ಲ. ನಾನು ಬರೆದವು.

ಇಷ್ಟು ಬರೆದು, ಎದ್ದು ಹೋಗಿ, ಕುಡಿಯಬೇಕೆನಿಸದಿದ್ದರೂ ಒಂದು ಲೋಟ ಕಾಫಿ ಕುಡಿದು ಬಂದೆ. ನಿಮಗೆ ಅರ್ಧ ಗೊತ್ತಿರುವ ಸಂಗತಿಯೇ ಆದರೂ ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೆ ಬರೆಯುವ ಧೈರ್ಯ ನನಗೆ ಬರುವುದಿಲ್ಲ.

ಮೂರು ವರ್ಷದ ಹಿಂದೆ ನಾನು ಸಂಪಿಗೆ ರಸ್ತೆಯ ಕ್ಲಾಸೊಂದಕ್ಕೆ ಸೇರಿ ಜೂಮ್ಲಾ ಎಂಬ ಸಾಫ್ಟ್‌ವೇರ್ ಕಲಿತೆ. ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲದ ನನ್ನಂಥವಳೂ ಅದನ್ನಿಟ್ಟುಕೊಂಡು ವೆಬ್‌ಸೈಟ್ ಕಟ್ಟಬಹುದಿತ್ತು. ಚೌಕದೊಳಗೆ ಬರಹ ತುಂಬಿ ಒಂದು ಗುಂಡಿ ಒತ್ತಿದರೆ ಪುಟ ಸಿದ್ಧ. ಕಲಿತ ಹುರುಪಿನಲ್ಲಿ ಯಾರ ಮನೆಗೆ ಹೋದರೂ ನಿಮಗೊಂದು ಸೈಟ್ ಮಾಡಿಕೊಡಲೇ ಎಂದು ಕೇಳುತ್ತಿದ್ದೆ. ಎಲ್ಲರೂ ನಕ್ಕು ಸುಮ್ಮನಾದರು. ಒಪ್ಪಿದವರು ಅಮ್ಮ ಒಬ್ಬರೇ. ಟ್ರಂಕಿನಿಂದ ತಮ್ಮ ಹಾಡಿನ ಪುಸ್ತಕ ತೆಗೆದರು. ಮದುವೆಯಾದ ವರ್ಷದಿಂದ ಬರೆದಿಟ್ಟ ಹಸೆ ಹಾಡು, ಆರತಿ ಹಾಡು, ಬೀಗರ ಹಾಡು. ಹಾಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಮಧ್ಯಾಹ್ನ ಅವರು ಪಕ್ಕದಲ್ಲಿ ಕೂತು ಹೇಳಬೇಕು, ನಾನು ಟೈಪ್ ಮಾಡಬೇಕು. ಸೈಟಿಗೆ ಅರಿಶಿನದ ಬಣ್ಣವನ್ನು ಆರಿಸಿದ್ದೂ ಅವರೇ. ಈ ಜೂಮ್ಲಾ ಯಾರದು, ದುಡ್ಡು ಯಾಕೆ ಕೇಳುವುದಿಲ್ಲ ಎಂದು ಒಮ್ಮೆ ಕೇಳಿದರು. ಎಲ್ಲೆಲ್ಲಿಯದೋ ಜನ ಸೇರಿ ಕಟ್ಟಿ, ಎಲ್ಲರೂ ಬಳಸಲಿ, ತಿದ್ದಲಿ ಎಂದು ಬಿಟ್ಟಿದ್ದಾರೆ ಎಂದೆ. "ಹಾಗಾದ್ರೆ ನಮ್ಮ ಹಾಡಿದ್ದಂಗೇ ಅನ್ನು. ಯಾರು ಕಟ್ಟಿದ್ರೋ ಏನೋ, ನಾವ್ ಹಾಡ್ಕೊತಿದೀವಿ" ಎಂದರು. ಆ ಮಾತನ್ನು ಆಮೇಲೆ ನಾನು ಎಷ್ಟು ಸಲ ನೆಪ ಮಾಡಿಕೊಂಡೆನೋ ಲೆಕ್ಕವಿಲ್ಲ.

ಆ ವರ್ಷದ ಗೌರಿ ಹಬ್ಬದ ಹೊತ್ತಿಗೆ ಕೊನೆಯ ಹಾಡೂ ಸೈಟಿಗೆ ಏರಿತು. ಇನ್ನು ಈ ಪುಸ್ತಕವನ್ನು ಏನು ಮಾಡಲಿ ಎಂದು ಅಮ್ಮ ಕೇಳಿದರು. "ಇಟ್ಕೊಂಡೇನ್ಮಾಡ್ತೀರಮ್ಮ, ಎಲ್ಲಾ ಸೈಟಲ್ಲಿ ಭದ್ರವಾಗಿದೆ" ಎಂದು ದೊಡ್ಡ ಮನುಷ್ಯಳ ಹಾಗೆ ಹೇಳಿದೆ. ದೇವರ ಹೆಸರಿರುವ ಕಾಗದವನ್ನು ಅವರು ರದ್ದಿಗೆ ಹಾಕುವವರಲ್ಲ. ಅರಿಶಿನ ಕುಂಕುಮ ಹಚ್ಚಿ, ಗೌರಿಯನ್ನು ಬಿಡುವ ದಿನ ಗೌರಿಯ ಜೊತೆಗೇ ಸ್ಯಾಂಕಿ ಕೆರೆಯ ಕಲ್ಯಾಣಿಯಲ್ಲಿ ಬಿಟ್ಟರು. ಪುಸ್ತಕ ಹಿಡಿದುಕೊಂಡು ಹೋದವಳು ನಾನೇ.

ಆರು ತಿಂಗಳಾಗಿರಲಿಲ್ಲ. ಜೂಮ್ಲಾದ ಹೊಸ ಆವೃತ್ತಿ ಬಂದಿತ್ತು, ಎಲ್ಲರಿಗಿಂತ ಮೊದಲು ನನ್ನ ಸೈಟು ಹೊಸದಾಗಬೇಕೆಂಬ ಚಪಲ ನನಗೆ. ಮೊದಲು ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಸೂಚನೆಯ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರು. ಓದಿದೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ, ಪ್ರತಿ ತೆಗೆಯಲು ಅರ್ಧ ಗಂಟೆ ಬೇಕು, ಏನಾಗುತ್ತದೆ ಬಿಡು ಎಂದು ಮುಂದುವರಿದೆ. ಹೊಸದರಲ್ಲಿ ಕನ್ನಡ ಅಕ್ಷರಗಳನ್ನು ಇಟ್ಟುಕೊಳ್ಳುವ ಕ್ರಮವೇ ಬೇರೆ, ಅದಕ್ಕೆ ತಕ್ಕಂತೆ ಒಂದು ಬದಲಾವಣೆ ಮಾಡಬೇಕಿತ್ತು. ಮಾಡಲಿಲ್ಲ. ಪುಟ ತೆರೆದರೆ ಹಾಡುಗಳಿದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು, ಸಾಲು ಸಾಲಾಗಿ. ನಾನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿದ್ದ ಹಾಡಿನ ಹೆಸರುಗಳು ಮಾತ್ರ ಉಳಿದಿದ್ದವು. ಕ್ಲಾಸಿನ ಮೇಷ್ಟ್ರು ಏಕಾಂತಯ್ಯನವರಿಗೆ ತೋರಿಸಿದೆ. ಹಳೆಯ ಪ್ರತಿ ಕೊಡಮ್ಮ, ಐದು ನಿಮಿಷದಲ್ಲಿ ಸರಿಮಾಡುತ್ತೇನೆ ಎಂದರು. ಕೊಡಲು ನನ್ನ ಹತ್ತಿರ ಏನಿತ್ತು?

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಅಮ್ಮ ಎರಡು ಕ್ರಾಸ್ ಆಚೆ ಗಟ್ಟಿಮುಟ್ಟಾಗಿ ಇದ್ದರು. ಹೋಗಿ, ಹೀಗಾಯಿತು ಅಮ್ಮ, ಇನ್ನೊಂದು ಸಲ ಹೇಳಿಕೊಡಿ ಎಂದಿದ್ದರೆ ಸಾಕಿತ್ತು. ಬೈಯುತ್ತಿದ್ದರು, ಆಮೇಲೆ ಚಾಪೆ ಹಾಸಿ ಹೇಳಿಕೊಡುತ್ತಿದ್ದರು. ಎರಡು ಸಲ ಅವರ ಗೇಟಿನವರೆಗೆ ಹೋದೆ. ಅಷ್ಟರಲ್ಲಿ ಅವರು ನಮ್ಮ ಚೂಡಾಮಣಿ ಬಹಳ ಬುದ್ಧಿವಂತೆ ಎಂದು ಬೀದಿಗೆಲ್ಲ ಹೇಳಿ, ತಾವು ಹಾಡುತ್ತಿದ್ದ ಭಜನಾ ಮಂಡಳಿಯ ಸೈಟನ್ನೂ ನನಗೇ ಕೊಡಿಸಿದ್ದರು. ಪುಸ್ತಕ ನೀರಿಗೆ ಹೋದದ್ದು ನನ್ನ ಮಾತಿನಿಂದ. ಗೇಟಿನ ಚಿಲಕ ಮುಟ್ಟಿ ವಾಪಸ್ಸು ಬಂದೆ.

ಮಂಡಳಿಯ ನಾರಾಯಣಮ್ಮನವರ ಹತ್ತಿರ, ಹಾಡು ಕಲಿಯುವ ಆಸೆ ಎಂದು ಸುಳ್ಳು ಹೇಳಿ ಒಂದೊಂದೇ ಬರೆದುಕೊಂಡೆ. ಮೂವತ್ತೇಳು ಸಿಕ್ಕವು, ಅವು ನಿಜವಾದವು, ಅವನ್ನು ನೀವು ಧೈರ್ಯವಾಗಿ ಅಚ್ಚು ಹಾಕಿಸಬಹುದು. ಉಳಿದ ಒಂಬತ್ತು ಅಮ್ಮ ತಮ್ಮ ತವರಿನಿಂದ ತಂದವು, ಮಂಡಳಿಯಲ್ಲಿ ಯಾರಿಗೂ ಬಾರದು. ಅವುಗಳ ಹೆಸರಿಟ್ಟುಕೊಂಡು, ನೆನಪಿದ್ದ ಒಂದೊಂದು ಸಾಲು ಹಿಡಿದುಕೊಂಡು, ಮಿಕ್ಕದ್ದನ್ನು ನಾನೇ ಕಟ್ಟಿದೆ. ಮುತ್ತು, ಮಾಣಿಕ್ಯ, ಮಲ್ಲಿಗೆ, ಮಾವಿನ ತೋರಣ ಇಷ್ಟಿದ್ದರೆ ಹಾಡಾಗಿಬಿಡುತ್ತದೆ ಎಂದು ನನಗೆ ಆಗ ಗೊತ್ತಾಯಿತು. ನಾಚಿಕೆಗೆಟ್ಟ ಮಾತೊಂದನ್ನೂ ಹೇಳಿಬಿಡುತ್ತೇನೆ. ಕಟ್ಟುವಾಗ ನನಗೆ ಖುಷಿಯಾಗಿತ್ತು.

ಮುದ್ರಿಸಿದ ಹಾಳೆಗಳನ್ನು ಮಂಡಳಿಯವರಿಗೆ ಹಂಚಿದೆ. ಅವರು ಹಾಡಿದರು, ಹೊಗಳಿದರು. ಅಮ್ಮ ಏನೂ ಹೇಳಲಿಲ್ಲ. ನೀವು ಹೋದ ತಿಂಗಳು ಫೋನಿನಲ್ಲಿ, ಪುಸ್ತಕದ ಮೊದಲ ಪುಟಕ್ಕೆ ಇರಲಿ ಎಂದು ಆರಿಸಿಕೊಂಡ ಹಸೆ ಹಾಡು ಇದೆಯಲ್ಲ, ನಿಮ್ಮ ಮಗಳು ಗಗನಾಳ ಮದುವೆಯಲ್ಲಿ ಮಂಡಳಿಯವರು ಹಾಡಿದರೆಂದು ನೀವು ಅತ್ತಿರಲ್ಲ, ಅದೂ ನನ್ನದೇ.

ಒಂಬತ್ತು ಹಾಡುಗಳ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸೈಟಿನಿಂದ ಅವನ್ನು ಇವತ್ತು ಬೆಳಿಗ್ಗೆ ತೆಗೆದಿದ್ದೇನೆ. ಮುನ್ನುಡಿಯಿಂದ ನನ್ನ ಹೆಸರನ್ನೂ ತೆಗೆಯಿರಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಇಂತಿ, ನಿಮ್ಮ ಎದುರು ನಿಲ್ಲಲಾರದೆ ಕಾಗದದ ಹಿಂದೆ ನಿಂತಿರುವ
ಚೂಡಾಮಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಮ್ಮ ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅಮ್ಮನ ಕೊನೆಯ ಗೌರಿ ಹಬ್ಬದಲ್ಲಿ ಮಂಡಳಿಯವರು ಗೌರಿಯ ಮೇಲೆ ನಾನು ಕಟ್ಟಿದ್ದ ಹಾಡೊಂದನ್ನು ಶುರು ಮಾಡಿದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದರು. "ಇದು ನಮ್ದಲ್ಲ ಕಣೇ. ನಮ್ಮ ಗೌರಿ ಹೀಗೆ ಹೇಳಿದ್ದಕ್ಕೆಲ್ಲ ಹೂಂ ಅನ್ನೋಳಲ್ಲ, ತವರಿಗೆ ಬಂದ್ರೆ ಅವ್ವನ ಜೊತೆ ಜಗಳ ಆಡ್ತಾಳೆ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನಗುತ್ತಾ, "ನಿಮ್ಮ ಪುಸ್ತಕದಲ್ಲೇ ಇತ್ತಲ್ಲಮ್ಮ, ನಿಮಗೆ ಮರ್ತೋಗಿದೆ ಅಷ್ಟೆ" ಎಂದೆ. ಅವರು ನನ್ನ ಮುಖ ನೋಡಿ, "ಇರಬೋದು, ವಯಸ್ಸಾಯ್ತಲ್ಲ" ಎಂದು ಎತ್ತಿದ ಕೈ ಇಳಿಸಿದರು. ಆಮೇಲೆ ಅವರು ಮಂಡಳಿಗೆ ಬರಲಿಲ್ಲ, ಎಲ್ಲೂ ಹಾಡಲಿಲ್ಲ. ನೀವು ಗಾಬರಿಯಾಗಿ ಅವರನ್ನು ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಕೊನೆಗಾಲದಲ್ಲಿ ಅಮ್ಮನಿಗೆ ತನ್ನ ಹಾಡುಗಳ ಗುರುತೇ ಸಿಗುತ್ತಿರಲಿಲ್ಲ ಎಂದು ನೀವು ಮುನ್ನುಡಿಯಲ್ಲಿ ಬರೆದಿದ್ದೀರಿ. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ ಶೈಲಜಕ್ಕ. ಅಮ್ಮ ಏನನ್ನೂ ಮರೆತಿರಲಿಲ್ಲ.